ಹದಿನಾಲ್ಕನೇ ಅಕ್ಷಾಂಶದ ಹಪ್ಪಳ

ಭೂಮಿಯ ಮೇಲೆ ಎಲ್ಲಿಯೂ ಇಲ್ಲದ ಗೆರೆಗಳ ಬಗ್ಗೆ ಪಾಠ ಹೇಳಿ ಸಂಬಳ ತೆಗೆದುಕೊಳ್ಳುವವಳು ನಾನು. ಶಿವಮೊಗ್ಗದ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಟೀಚರ್. ಗಣಿತದವರಿಗೆ ಸಿಗುವ ಮರ್ಯಾದೆ ನಮಗಿಲ್ಲ, ಪಿ.ಟಿ. ಮೇಷ್ಟ್ರಿಗೆ ಸಿಗುವ ಪ್ರೀತಿಯೂ ಇಲ್ಲ. ಮಕ್ಕಳು ಮಧ್ಯಾಹ್ನದ ಊಟ ಮುಗಿಸಿ ಬಂದು, ಕಣ್ಣು ಎಳೆಯುವ ಹೊತ್ತಿಗೆ ಸರಿಯಾಗಿ ಟೈಮ್‌ಟೇಬಲ್ಲಿನಲ್ಲಿ ನಮ್ಮನ್ನು ಕೂರಿಸಿರುತ್ತಾರೆ. ಆ ತೂಕಡಿಕೆಯ ಪೀರಿಯಡ್ಡಿನಲ್ಲಿ ನಾನು ಅಕ್ಷಾಂಶ ಎನ್ನುತ್ತೇನೆ, ರೇಖಾಂಶ ಎನ್ನುತ್ತೇನೆ, ಗ್ಲೋಬನ್ನು ಗಿರ್ರನೆ ತಿರುಗಿಸುತ್ತೇನೆ. ಕರ್ಕಾಟಕ ಸಂಕ್ರಾಂತಿ ವೃತ್ತ ಭಾರತದ ಯಾವ ಯಾವ ರಾಜ್ಯಗಳನ್ನು ಹಾದುಹೋಗುತ್ತದೆ ಎಂದು ಕೇಳಿದರೆ ಎಂಟೂ ರಾಜ್ಯಗಳನ್ನು ಒಂದೇ ಉಸಿರಿಗೆ ಒದರುತ್ತಾರೆ. ಆ ಗೆರೆಗೂ ನಿಮ್ಮ ತಲೆಗೂ ಏನ್ರೋ ಸಂಬಂಧ ಎಂದರೆ ಮಾತ್ರ, "ಮಿಸ್, ಇದು ಎಕ್ಸಾಮಿಗೆ ಬರುತ್ತಾ?" ಎಂದು ನನ್ನನ್ನೇ ಕೇಳುತ್ತಾರೆ.

ಎಕ್ಸಾಮಿಗೆ ಬರುವುದಿಲ್ಲ. ತಾರಸಿಗೆ ಬರುತ್ತದೆ. ಅದು ಹೇಗೆ ಎಂದು ತಿಳಿಯಲು ನಮ್ಮ ಇಡೀ ಕುಟುಂಬಕ್ಕೆ ಒಂದು ಬೇಸಿಗೆ ಬೇಕಾಯಿತು. ಪಾಠವನ್ನು ನಾನು ಮೊದಲೇ ಹೇಳಿದ್ದೆ. ಆದರೆ ಮನೆಯಲ್ಲಿ ಹೇಳಿದ ಪಾಠಕ್ಕೆ ಎಲ್ಲಾದರೂ ಬೆಲೆ ಉಂಟೇ? ಹಿತ್ತಲ ಗಿಡ ಮದ್ದಲ್ಲ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ.

ಮೊದಲು ಪಾಠ. ಹೆದರಬೇಡಿ, ಚಿಕ್ಕದು. ಭೂಮಿಯ ನಡುಸೊಂಟಕ್ಕೆ ಸಮಭಾಜಕ ವೃತ್ತ. ಅದರಿಂದ ಇಪ್ಪತ್ಮೂರೂವರೆ ಡಿಗ್ರಿ ಮೇಲೆ ಕರ್ಕಾಟಕ ಸಂಕ್ರಾಂತಿ ವೃತ್ತ, ಅಷ್ಟೇ ಕೆಳಗೆ ಮಕರ ಸಂಕ್ರಾಂತಿ ವೃತ್ತ. ಇವೆರಡರ ನಡುವಿನ ಪಟ್ಟಿಯೇ ಉಷ್ಣವಲಯ. ಸೂರ್ಯ ಈ ಪಟ್ಟಿಯೊಳಗೆ ನಮ್ಮ ಭದ್ರಾವತಿ–ಶಿವಮೊಗ್ಗ ಬಸ್ಸಿನ ಹಾಗೆ ಓಡಾಡುತ್ತಾನೆ. ಆ ತುದಿಗೆ ಹೋಗುತ್ತಾನೆ, ತಿರುಗಿಸಿಕೊಂಡು ಈ ತುದಿಗೆ ಬರುತ್ತಾನೆ. ನಡುವಿನ ಸ್ಟಾಪಿನವರಿಗೆ ಬಸ್ಸು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಸಿಗುತ್ತದಲ್ಲ, ಹಾಗೆ ಹದಿನಾಲ್ಕು ಡಿಗ್ರಿಗೆ ಚೂರು ಕಡಿಮೆಯ ಸ್ಟಾಪಿನಲ್ಲಿ ನಿಂತಿರುವ ನಮಗೆ ವರ್ಷಕ್ಕೆ ಎರಡು ಸಲ ಸೂರ್ಯ ನಿಜವಾಗಿ ನೆತ್ತಿಯ ಮೇಲೆ ಬರುತ್ತಾನೆ. ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಒಮ್ಮೆ. ಉಳಿದ ದಿನವೆಲ್ಲ "ನೆತ್ತಿ ಸುಡ್ತಾ ಇದೆ ಮಾರಾಯ್ತಿ, ಸೂರ್ಯ ತಲೆ ಮೇಲೇ ನಿಂತಿದ್ದಾನೆ" ಎನ್ನುವುದು ಸುಳ್ಳು. ಆ ಎರಡು ದಿನಗಳ ನಡುವೆ, ಅಂದರೆ ಮೇ, ಜೂನ್, ಜುಲೈ ಪೂರ್ತಿ, ಸೂರ್ಯ ನಮಗಿಂತ ಉತ್ತರದಲ್ಲಿರುತ್ತಾನೆ. ಪಾಠ ಮುಗಿಯಿತು.

ಇನ್ನು ಅಕ್ಕ. ನನ್ನ ಸ್ವಂತ ಅಕ್ಕ, ಭದ್ರಾವತಿಯ ನ್ಯೂ ಟೌನಿಗೆ ಅಂಟಿಕೊಂಡ ಬಡಾವಣೆಯಲ್ಲಿರುವವಳು. ಭಾವ ಕಾರ್ಖಾನೆಯಲ್ಲಿದ್ದರು. ಕಾರ್ಖಾನೆಯ ಕೆಲಸ ಕರಗುತ್ತಾ ಬಂದಾಗ ಎಲ್ಲರ ಜೊತೆ ಬೇಗ ನಿವೃತ್ತಿ ತೆಗೆದುಕೊಂಡು, ಅಂದಿನಿಂದ ಪೇಪರು ಹಿಡಿದು ಜಗುಲಿಯಲ್ಲಿ ಕುಳಿತವರು ಇನ್ನೂ ಎದ್ದಿಲ್ಲ. ಒಳ್ಳೆಯ ಮನುಷ್ಯ. ಕುಳಿತುಕೊಳ್ಳುವುದಕ್ಕೆ ಒಳ್ಳೆಯತನ ಅಡ್ಡ ಬರುವುದಿಲ್ಲ. ಮನೆ ನಡೆದದ್ದು ಅಕ್ಕನ ಕೈಯಿಂದ. ಅಕ್ಕಿ ಹಪ್ಪಳ, ಹಲಸಿನ ಹಪ್ಪಳ, ಸಾಬಕ್ಕಿ ಸಂಡಿಗೆ, ಬಾಳಕದ ಮೆಣಸಿನಕಾಯಿ. ಶಿವರಾತ್ರಿ ಕಳೆದ ಮೇಲೆ ಶುರುವಾದರೆ ಮಳೆ ಹಿಡಿಯುವವರೆಗೆ ಅವಳ ತಾರಸಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಅವಳ ಬೀದಿಯ ತಮಿಳು ಹೆಂಗಸರು ಸಂಡಿಗೆಯನ್ನು ವಡಾಂ ಎಂದು ಕೊಂಡೊಯ್ಯುತ್ತಿದ್ದರು. ಇತ್ತ ಶಿವಮೊಗ್ಗದ ಗೋಪಾಳದಲ್ಲಿ ನಮ್ಮ ಪಕ್ಕದ ಮನೆಯ ಖಾಲಾ ಬಾಳಕದ ಮೆಣಸಿಗಾಗಿ ಫೆಬ್ರವರಿಯಿಂದಲೇ ನನ್ನನ್ನು ಪೀಡಿಸುತ್ತಿದ್ದರು: "ತುಮ್ಹಾರಿ ಅಕ್ಕಾ ಕೋ ಬೋಲೋ ಮೇಡಂ, ಈ ಸಲ ಖಾರ ಜಾಸ್ತಿ ಇರ್ಲಿ." ಮದುವೆ ಮನೆಗಳಿಗಂತೂ ಮೇ ತಿಂಗಳಲ್ಲಿ ಅವಳ ಹಲಸಿನ ಹಪ್ಪಳವೇ ಆಗಬೇಕು.

ಅವಳ ತಾರಸಿಯ ದಕ್ಷಿಣದ ಅರ್ಧ ಕೆಲಸಕ್ಕೆ ಬಾರದ್ದು. ಅಲ್ಲಿ ನೀರಿನ ಟ್ಯಾಂಕು, ಮೆಟ್ಟಿಲು ಹತ್ತಿ ಬರುವ ಕೋಣೆ, ಮೇಲೆ ಬಾಗಿದ ಬೀದಿಬದಿಯ ಮಾವಿನ ಮರ, ಮರದ ತುಂಬ ಹೊಟ್ಟೆ ಕೆಟ್ಟ ಕಾಗೆಗಳು. ಅವಳ ಬಿಸಿಲು ಇದ್ದದ್ದೇ ಉತ್ತರದ ಅರ್ಧದಲ್ಲಿ. ಅದಕ್ಕೊಂದು ಹೊತ್ತೂ ಇತ್ತು. ಮೇ ತಿಂಗಳಲ್ಲಿ ನಮ್ಮ ಕಡೆ ಮಧ್ಯಾಹ್ನದ ಮೇಲೆ ಆಕಾಶವನ್ನು ನಂಬುವ ಹಾಗಿಲ್ಲ, ಮೋಡ ಕಟ್ಟಿತು ಎಂದರೆ ಗುಡುಗಿ ಸುರಿದೇ ಬಿಡುತ್ತದೆ. ಆದ್ದರಿಂದ ಬೆಳಿಗ್ಗೆ ಹರವಿದ್ದು ಮಧ್ಯಾಹ್ನದೊಳಗೆ ಗಟ್ಟಿಯಾಗಬೇಕು. ಬೆಳಗಿನ ಬಿಸಿಲು ಸಿಕ್ಕರೆ ಹಪ್ಪಳ, ತಪ್ಪಿದರೆ ಬೂಷ್ಟು.

ಅವಳ ಮನೆಯ ಉತ್ತರಕ್ಕೆ ಹೊಳೆಹೊನ್ನೂರು ಕಡೆಯಿಂದ ಬಂದು ನೆಲೆಸಿದ ಯಜಮಾನರೊಬ್ಬರ ಮನೆ. ಊರಲ್ಲಿ ಗದ್ದೆ, ತೋಟ, ಇಲ್ಲಿ ಮಕ್ಕಳ ನೌಕರಿ. ಒಂದು ಸಂಕ್ರಾಂತಿಯ ಮಾರನೆಯ ದಿನ ಅವರು ತಾಂಬೂಲದ ತಟ್ಟೆ ಹಿಡಿದು ಅಕ್ಕನ ಮನೆಗೆ ಬಂದರು. ಎಳ್ಳು ಬೀರಲು ಹೋಗಿದ್ದ ನಾನೂ ನಮ್ಮ ಮನೆಯವರೂ ಅಲ್ಲೇ ಇದ್ದೆವು.

"ನೋಡಿ ತಾಯಿ, ಮನೆ ಮೇಲೆ ಎರಡು ಮಾಳಿಗೆ ಏರಿಸ್ಬೇಕು ಅಂತಿದೀನಿ. ಇಬ್ರು ಸೊಸೇರಿಗೂ ಒಂದೊಂದು," ಎಂದರು ಯಜಮಾನರು. "ಹೆಂಗೂ ಉತ್ತರಾಯಣ ಬಂತು, ಒಳ್ಳೇ ಕಾಲ. ಆದ್ರೆ ನೆರೆಮನೇರ ಮನಸ್ಸು ನೋಯ್ಸಿ ಕಟ್ಟಿದ್ ಮನೆ ಏಳಿಗೆ ಆಗಲ್ಲ ಅಂತ ನಮ್ಮಪ್ಪ ಹೇಳೋರು. ನಿಮ್ಮ ಹಪ್ಪಳದ ಬಿಸಿಲಿಗೆ ಏನಾದ್ರೂ ಅಡ್ಡ ಆಗುತ್ತಾ, ನೋಡಿ ಹೇಳಿ."

ಇಷ್ಟು ಸಜ್ಜನಿಕೆಯಿಂದ ಕೇಳುವವರು ಈಗ ಎಲ್ಲಿದ್ದಾರೆ? ಕೇಳದೆ ಕಟ್ಟಿದ್ದರೆ ಜಗಳವಾದರೂ ಆಡಬಹುದಿತ್ತು. ವಾಸ್ತು ಹೇಳುವವನು ಅವರಿಗೆ ದಕ್ಷಿಣದ ಗೋಡೆಯೇ ಎಲ್ಲಕ್ಕಿಂತ ಎತ್ತರ ಇರಬೇಕು ಎಂದಿದ್ದನಂತೆ. ಅಕ್ಕ ಮನೆ ಕಟ್ಟಿಸುವಾಗ ಇನ್ನೊಬ್ಬ ವಾಸ್ತುವಿನವನು ಅವಳಿಗೆ ಉತ್ತರದ ಕಡೆ ಬಯಲಾಗಿರಲಿ ಎಂದಿದ್ದ. ಅವರ ದಕ್ಷಿಣ ಮತ್ತು ಇವಳ ಉತ್ತರ ಒಂದೇ ಜಾಗ ಎಂಬುದು ಶಾಸ್ತ್ರಕ್ಕೆ ಹೊಳೆದಿರಲಿಲ್ಲ.

ಎಲ್ಲರೂ ತಾರಸಿಗೆ ಹತ್ತಿದೆವು. ಇಲ್ಲಿ ನಮ್ಮ ಮನೆಯವರ ಪ್ರವೇಶ. ಇವರು ಇಂಜಿನಿಯರು. ರಸ್ತೆ, ಚರಂಡಿಗಳ ಇಂಜಿನಿಯರು. ಇವರು ಕಟ್ಟಿಸಿದ ಚರಂಡಿಯಲ್ಲಿ ನೀರು ಯಾವ ಕಡೆಗೆ ಹರಿಯುತ್ತದೆ ಎಂಬುದು ಮಳೆಗಾಲದವರೆಗೆ ಗುಟ್ಟಾಗಿಯೇ ಇರುತ್ತದೆ. ಆದರೂ ಬಂಧು ಬಳಗದಲ್ಲಿ ಯಾರ ಮನೆಯ ಪಾಯ ತೋಡಿದರೂ ಇವರ ಬಾಯಿಂದ ಒಂದು ಮಾತು ಬೀಳಲೇಬೇಕು. ಇವರು ಮೊಬೈಲಿನಲ್ಲಿ ದಿಕ್ಸೂಚಿ ತೆರೆದರು, ಸುತ್ತಲೂ ಒಂದು ಸುತ್ತು ತಿರುಗಿದರು, ಒಂದು ಬಿದಿರಿನ ಗಳ ತರಿಸಿ ತಾರಸಿಯ ಉತ್ತರದ ಅಂಚಿನಲ್ಲಿ ನೆಟ್ಟಗೆ ನಿಲ್ಲಿಸಿದರು. ಮಧ್ಯಾಹ್ನದ ಹೊತ್ತು, ಪುಷ್ಯಮಾಸದ ಬಿಸಿಲು. ಗಳದ ನೆರಳು ಉದ್ದಕ್ಕೆ ಉತ್ತರಕ್ಕೆ ಬಿತ್ತು, ಯಜಮಾನರ ತಾರಸಿಯ ಮೇಲೆ.

"ನೋಡಿದ್ರಾ ಅಕ್ಕಾ?" ಎಂದರು ಇವರು. "ನೆರಳೆಲ್ಲ ಅವ್ರ ಕಡೆಗೇ ಬೀಳೋದು. ಯಾವ ಮನೆ ಸೋಲಾರ್ ಬೇಕಾದ್ರೂ ನೋಡಿ, ಮುಖ ದಕ್ಷಿಣಕ್ಕೆ ಇರುತ್ತೆ. ಯಾಕೆ? ಸೂರ್ಯ ಯಾವಾಗ್ಲೂ ದಕ್ಷಿಣದಲ್ಲೇ ಇರೋದು. ಸಿಂಪಲ್."

"ನೆರಳು ನಮ್ಗೇ ಇರ್ಲಿ ಬಿಡಿ, ತಂಪಾಗಿರುತ್ತೆ," ಎಂದು ಯಜಮಾನರು ಉದಾರವಾಗಿ ನಕ್ಕರು.

ನನಗೆ ತಡೆಯಲಾಗಲಿಲ್ಲ. "ರೀ, ಇದು ಜನವರಿ. ಏಪ್ರಿಲ್ ಮುಗೀತಿದ್ದ ಹಾಗೆ ಸೂರ್ಯ ನಮ್ಮ ತಲೆ ದಾಟಿ ಉತ್ತರಕ್ಕೆ ಹೋಗ್ತಾನೆ. ನಾವಿರೋದು ಉಷ್ಣವಲಯದಲ್ಲಿ. ಆಗ ಆ ಗೋಡೆ ನೆರಳು ಈ ಕಡೆ ಬೀಳುತ್ತೆ, ಅದೂ ಸರಿಯಾಗಿ ಹಪ್ಪಳದ ಸೀಸನ್ನಲ್ಲಿ."

"ಅದು ಮ್ಯಾಪಲ್ಲಿ ಕಣೆ. ಇಲ್ಲಿ ಸೈಟಲ್ಲಿ ನೋಡು," ಎಂದರು ಇವರು.

"ಟೀಚರಮ್ಮ ಪಾಠ ಶುರು ಮಾಡಿದ್ರು," ಎಂದು ಯಜಮಾನರು ಪ್ರೀತಿಯಿಂದಲೇ ತಮಾಷೆ ಮಾಡಿದರು.

"ಸೂರ್ಯ ಉತ್ತರಕ್ಕೆ ಹೋಗಲ್ಲ ಅನ್ನೋದಾದ್ರೆ, ನಿನ್ನೆ ಯಾಕೆ ಉತ್ತರಾಯಣ ಅಂತ ಎಳ್ಳು-ಬೆಲ್ಲ ತಿಂದ್ರಿ? ಯಾಕೆ ಉತ್ತರಾಯಣ ಬಂತು ಒಳ್ಳೇ ಕಾಲ ಅಂತ ಮನೆ ಕಟ್ಟೋಕೆ ಹೊರಟ್ರಿ?" ಎಂದು ನಾನು ದನಿ ಏರಿಸಿಯೇ ಕೇಳಿದೆ. ಎಲ್ಲರ ಬಾಯಲ್ಲೂ ಎಳ್ಳು ಇತ್ತು. ಅಗಿಯುತ್ತಲೇ ನನ್ನನ್ನು ನೋಡಿದರು. ಅದು ಹಬ್ಬ, ಇದು ಬಿಲ್ಡಿಂಗು, ಎರಡನ್ನೂ ಯಾಕೆ ಕಲಸುತ್ತಾಳೆ ಇವಳು ಎಂಬ ನೋಟ. ನಮ್ಮ ಜನರ ಈ ಗುಣಕ್ಕೆ ನಾನು ಎಂದೋ ಶರಣು. ಸೂರ್ಯ ಉತ್ತರಕ್ಕೆ ತಿರುಗಿದ ಎಂದು ಹೊಳೆಯಲ್ಲಿ ಮುಳುಗಿ ಏಳುತ್ತಾರೆ, ಕಬ್ಬು ಹಂಚುತ್ತಾರೆ, ಸಕ್ಕರೆ ಅಚ್ಚು ಕಚ್ಚುತ್ತಾರೆ. ತಿರುಗಿದವನು ನಡೆದು ನಮ್ಮ ಊರಿಗೂ ಬಂದಾನು, ದಾಟಿ ಮುಂದೆಯೂ ಹೋದಾನು ಎಂದರೆ ಮಾತ್ರ ಯಾರೂ ನಂಬುವುದಿಲ್ಲ.

ನಾನು ಅಕ್ಕನ ಮುಖ ನೋಡಿದೆ. ಅವಳು ನನ್ನನ್ನು ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿದಳು: "ಸುಮ್ನಿರೇ ಮಾರಾಯ್ತಿ. ಅವ್ರು ಇಂಜಿನಿಯರು, ಗಳ ನಿಲ್ಸಿ ತೋರಿಸ್ತಿದಾರೆ. ನೀನು ಸೋಶಿಯಲ್ ಟೀಚರು." 

ಆ ಮಾತು ನನಗೆ ನಾಟಿತು, ಇವತ್ತಿಗೂ ನಾಟಿಕೊಂಡೇ ಇದೆ. ಅಕ್ಕ ತಟ್ಟೆಗೆ ಎರಡೂ ಕೈ ಒಡ್ಡಿ ತಾಂಬೂಲ ತೆಗೆದುಕೊಂಡಳು. ನಮ್ಮಲ್ಲಿ ತಾಂಬೂಲ ಕೈಗೆ ಬಂತು ಎಂದರೆ ಮಾತು ಮುಗಿಯಿತು. ಮದುವೆ ನಿಶ್ಚಯವಾಗುವುದೂ ಹಾಗೆಯೇ, ಗದ್ದೆಯ ವ್ಯವಹಾರ ಕುದುರುವುದೂ ಹಾಗೆಯೇ. ಆಮೇಲೆ ಗಂಡಿಗೆ ಕುಡಿತ ಇತ್ತು, ಗದ್ದೆಗೆ ನೀರಿರಲಿಲ್ಲ ಎಂದು ಬಾಯಿ ಬಿಡುವ ಹಾಗಿಲ್ಲ.

ವರ್ಷ ತಿರುಗುವಷ್ಟರಲ್ಲಿ ಗೋಡೆ ಎದ್ದಿತು. ಎರಡು ಮಾಳಿಗೆ, ಅದರ ಮೇಲೆ ಮೋಟುಗೋಡೆ, ನೈಋತ್ಯ ಮೂಲೆಯಲ್ಲಿ ಟ್ಯಾಂಕು. ಮುಂದಿನ ಉತ್ತರಾಯಣಕ್ಕೆ ಗೃಹಪ್ರವೇಶ. ಬಿಳಿ ಬಣ್ಣ ಬಳಿದ ಆ ಗೋಡೆ ಅಕ್ಕನ ತಾರಸಿಯ ಪಕ್ಕದಲ್ಲಿ ನಿಂತರೆ ಕತ್ತೆತ್ತಿ ನೋಡಬೇಕಿತ್ತು. ಫೆಬ್ರವರಿ ಕೊನೆಗೆ ಅಕ್ಕ ಹಪ್ಪಳ ಹರವಿದಳು. ಏನಾಯಿತು ಎಂದುಕೊಂಡಿರಿ? ಮೊದಲಿಗಿಂತ ಬೇಗ ಒಣಗಿತು! ದಕ್ಷಿಣದಲ್ಲಿದ್ದ ಸೂರ್ಯನ ಬಿಸಿಲು ಬಿಳಿ ಗೋಡೆಗೆ ಬಡಿದು ಮತ್ತೆ ತಾರಸಿಗೇ ಬೀಳುತ್ತಿತ್ತು. ಅಕ್ಕ ಫೋನು ಮಾಡಿ, "ಗೋಡೆ ಬಂದು ಒಳ್ಳೇದೇ ಆಯ್ತು ಕಣೇ, ನಿಮ್ಮನೆಯವ್ರಿಗೆ ಹೇಳು," ಎಂದಳು. ಹೇಳಿದೆ. ಹೇಳಬಾರದಿತ್ತು. ಮಾರ್ಚ್ ತಿಂಗಳಿಡೀ ಈ ಮನುಷ್ಯ ಊಟಕ್ಕೆ ಕುಳಿತಾಗಲೆಲ್ಲ ಹಪ್ಪಳ ಮುರಿದು, ಆ ಸದ್ದಿಗೆ ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದರು. "ಉಷ್ಣವಲಯದ ಹಪ್ಪಳ ಚೆನ್ನಾಗಿದೆ, ಇನ್ನೊಂದು ಹಾಕು," ಎನ್ನುತ್ತಿದ್ದರು. ನಾನು ಹಾಕುತ್ತಿದ್ದೆ. ಏಪ್ರಿಲ್ ಬರಲಿ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ಏಪ್ರಿಲ್ ಬಂತು. ಶಾಲೆಗೆ ರಜೆ. ಪ್ರತಿ ಬೇಸಿಗೆಯಂತೆ ಅಕ್ಕನಿಗೆ ಕೈಜೋಡಿಸಲು ನಾನು ಭದ್ರಾವತಿಗೆ ಬಂದಿಳಿದೆ. ಬೆಳಿಗ್ಗೆ ಹೊತ್ತು ಗೋಡೆಯ ಬುಡದಲ್ಲಿ ಒಂದು ಪಟ್ಟಿ ನೆರಳು ಆಗಲೇ ಕಾಣಿಸಿಕೊಂಡಿತ್ತು. "ಈಚೆಗೆ ಬಿಸಿಲು ತಡವಾಗಿ ಬರ್ತಿದೆ," ಎಂದಳು ಅಕ್ಕ, ಪಾಪ, ಹಾಲಿನವನು ತಡಮಾಡಿದ ಎನ್ನುವ ಹಾಗೆ. ತಿಂಗಳ ಕೊನೆಯ ವಾರ, ಲೆಕ್ಕ ನೋಡಿ ನಾನು ಇವರನ್ನು ಶಿವಮೊಗ್ಗದಿಂದ ಕರೆಸಿದೆ. ಹಲಸಿನ ಹಣ್ಣಿನ ಕಡುಬು ಇದೆ ಎಂದು ಸುಳ್ಳು ಹೇಳಿದ ಮೇಲೆಯೇ ಬಂದದ್ದು.

ಹನ್ನೆರಡೂವರೆಗೆ ಸ್ವಲ್ಪ ಮುಂಚೆ ತಾರಸಿಗೆ ಕರೆದೊಯ್ದೆ. ಅವಲಕ್ಕಿ ತುಂಬಿಡುವ ಉದ್ದನೆಯ ಸ್ಟೀಲ್ ಡಬ್ಬಿಯನ್ನು ಸಮನಾದ ನೆಲದ ಮೇಲೆ ನಿಲ್ಲಿಸಿದೆ. ಅದರ ಸುತ್ತ ಅಂಗುಲದಷ್ಟೂ ನೆರಳಿರಲಿಲ್ಲ. ಗೋಡೆಯ ನೆರಳೂ ಗೋಡೆಯ ಬುಡದೊಳಗೇ ಹೊಕ್ಕಂತಿತ್ತು. ನಮ್ಮ ನೆರಳು ನಮ್ಮ ಪಾದದ ಕೆಳಗೆ. ಅಕ್ಕ ಒಂದು ಕಾಲೆತ್ತಿ ಕೆಳಗೆ ಇಣುಕಿ ನೋಡಿ, "ಅಯ್ಯೋ ಶಿವನೇ, ನನ್ನ ನೆರಳೇ ಇಲ್ವಲ್ಲೇ!" ಎಂದು ಸಣ್ಣ ಹುಡುಗಿಯ ಹಾಗೆ ನಕ್ಕಳು. ಆ ಗಳಿಗೆ ನನಗೂ ಖುಷಿಯಾಯಿತು. ಇಷ್ಟು ವರ್ಷ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಗೆರೆ ನನ್ನ ಅಕ್ಕನ ತಾರಸಿಯ ಮೇಲೆ ಬಂದು ನಿಂತಿತ್ತು.

"ಇವತ್ತು ಸೂರ್ಯ ನಿಜವಾಗಿ ನೆತ್ತಿ ಮೇಲಿದ್ದಾನೆ. ನಾಳೆಯಿಂದ ಆ ಕಡೆ," ಎಂದು ಗೋಡೆಯ ಕಡೆ ಕೈ ತೋರಿಸಿದೆ.

ಇವರು ಡಬ್ಬಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಡಬ್ಬಿ ಎತ್ತಿ ತಳ ನೋಡಿದರು. ಆಮೇಲೆ, "ಇದು ಒಂದು ದಿನದ್ದು ಬಿಡು. ನಾನು ಹೇಳಿದ್ದು ಜನರಲ್ ಆಗಿ," ಎಂದು ಕೆಳಗಿಳಿದು ಹೋದರು. ಕಡುಬು ಇಲ್ಲದ್ದಕ್ಕೆ ಮಾತ್ರ ಬಹಳ ಬೇಸರ ಮಾಡಿಕೊಂಡರು.

ಮೇ ತಿಂಗಳು ಹೇಗಿತ್ತು ಎಂದು ಹೇಳುವುದಕ್ಕೆ ನನಗೆ ಈಗಲೂ ಸಂಕಟವಾಗುತ್ತದೆ. ಬೆಳಿಗ್ಗೆ ಎದ್ದು ಹತ್ತಿ ನೋಡಿದರೆ ತಾರಸಿಯ ಉತ್ತರದ ಅರ್ಧ ಪೂರ್ತಿ ನೆರಳು. ಬಿಸಿಲೇರಿದ ಹಾಗೆ ನೆರಳು ಒಂದೊಂದೇ ಮೊಳ ಹಿಂದೆ ಸರಿಯುತ್ತಿತ್ತು, ಸಾಲ ಕೊಟ್ಟವನನ್ನು ಕಂಡವನು ಗಲ್ಲಿಯಲ್ಲಿ ಸರಿಯುವಂತೆ, ಪೂರ್ತಿ ಹೋಗುತ್ತಲೂ ಇರಲಿಲ್ಲ. ಅದು ಗೋಡೆಯ ಬುಡ ಸೇರುವ ಹೊತ್ತಿಗೆ ಪಶ್ಚಿಮದಲ್ಲಿ ಮೋಡ ಎದ್ದಿರುತ್ತಿತ್ತು. ನಾವಿಬ್ಬರೂ ಹಪ್ಪಳದ ಚಾಪೆಗಳನ್ನು ಬಿಸಿಲಿನ ಹಿಂದೆ ಎಳೆದುಕೊಂಡು ಓಡಾಡಿದೆವು. ಮಾವಿನ ಮರದ ಕೆಳಗೆ ಎಳೆದರೆ ಕಾಗೆ, ಮೆಟ್ಟಿಲ ಕೋಣೆಯ ಮೇಲೆ ಹಾಕಿದರೆ ಮಂಗ. ಭಾವ ಮೊದಲ ಬಾರಿಗೆ ಪೇಪರು ಮಡಿಸಿಟ್ಟು ಕೋಲು ಹಿಡಿದು ಮೇಲೆ ಬಂದರು. ವಿಷಯ ಎಷ್ಟು ಗಂಭೀರ ಎಂದು ನನಗೆ ಅರ್ಥವಾದದ್ದೇ ಆಗ.

ಒಂದು ಮದುವೆ ಮನೆಯವರು ಹೇಳಿಟ್ಟಿದ್ದ ಹಲಸಿನ ಹಪ್ಪಳ ಅಷ್ಟೂ ಹಾಳಾಯಿತು. ಮೇಲೆ ಒಣಗಿದಂತೆ ಕಂಡು, ಒಳಗೆ ಹಸಿ ಉಳಿದು, ಡಬ್ಬಿಗೆ ತುಂಬಿದ ಮೇಲೆ ಹಸಿರು ಬೂಷ್ಟು ಹಿಡಿಯಿತು. ಅಕ್ಕ ಅದನ್ನು ಬೀದಿಯ ಹಸುವಿಗೆ ಹಾಕಿದಳು. ಹಸು ಮೂಸಿ ನೋಡಿ ಮುಂದೆ ಹೋಯಿತು. ಮದುವೆ ಮನೆಯವರು ಅಂಗಡಿಯಿಂದ ತರಿಸಿಕೊಂಡರು. ಜಗಳವಾಡಲಿಲ್ಲ. "ಪರವಾಗಿಲ್ಲ ಬಿಡಿ, ಮುಂದಿನ ಸಲ ನೋಡೋಣ," ಎಂದರಷ್ಟೇ. ಅಕ್ಕ ಅಂದು ಅಡುಗೆಮನೆಯ ನೆಲದ ಮೇಲೆ ಕೂತು, ಲಟ್ಟಣಿಗೆಯನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ಕಾರ್ಖಾನೆಯ ಕೆಲಸ ಹೋದ ದಿನವೂ ಅವಳು ಅತ್ತಿರಲಿಲ್ಲ. ಅಂದು ತಾರಸಿ ಇತ್ತು.

"ನೀನು ಗಟ್ಟಿಯಾಗಿ ಹೇಳ್ಬೇಕಿತ್ತು ಕಣೇ," ಎಂದಳು ನನಗೆ.

ನೋಡಿ! ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದ್ದೆ. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಅಳುವವಳ ಹತ್ತಿರ ಏನು ಜಗಳ? ಸಮಾಧಾನಕ್ಕೆಂದು, "ಆಗಸ್ಟ್ ಮಧ್ಯದಲ್ಲಿ ಸೂರ್ಯ ವಾಪಸ್ ಈ ಕಡೆ ಬರ್ತಾನೆ ಅಕ್ಕಾ," ಎಂದೆ.

"ಆಗಸ್ಟಲ್ಲಿ ಬಂದು ಏನ್ ಮಾಡ್ತಾನೆ? ಕೊಡೆ ಹಿಡ್ಕೊಂಡು ನಿಲ್ತಾನಾ?" 

ಮಾತು ಸತ್ಯ. ನಮ್ಮ ಅಕ್ಷಾಂಶದ ಎರಡನೆಯ ದರ್ಶನ ಮೋಡದ ಹಿಂದೆಯೇ ಮುಗಿದುಹೋಗುತ್ತದೆ. ಸೂರ್ಯ ಅಕ್ಕನಿಗೆ ಬೇಕಾದಾಗ ಅತ್ತ, ಬೇಡವಾದಾಗ ಇತ್ತ.

ನಾನು ಸೆರಗು ಸಿಕ್ಕಿಸಿಕೊಂಡು ಎದ್ದೆ. "ಬಾ, ಆ ಯಜಮಾನರನ್ನ ಕೇಳೋಣ. ಗೋಡೆ ಕೆಡವ್ತಾರೋ ಬಿಡ್ತಾರೋ, ಕೇಳೋದಂತೂ ಕೇಳೋಣ."

"ಎಂಥ ಕೇಳ್ತೀಯಾ? ಅವ್ರು ಮನೆಗೆ ಬಂದು ಕೇಳಿದ್ರು. ನಾನು ಎರಡು ಕೈಲಿ ತಾಂಬೂಲ ತಗೊಂಡಿದೀನಿ. ಈಗ ಹೋಗಿ ಬಾಯಿ ಮಾಡಿದ್ರೆ ನನ್ನ ಮಾತಿಗೆ ಏನ್ ಬೆಲೆ?" ಎಂದು ಅಕ್ಕ ನನ್ನ ಕೈ ಹಿಡಿದು ಕೂರಿಸಿದಳು. ಆ ರಾತ್ರಿ ಊಟವನ್ನೂ ಸರಿಯಾಗಿ ಮಾಡಲಿಲ್ಲ. ನಾನು ಅವಳ ಸೀಸನ್ನು ಮುಗಿಯಿತು ಎಂದೇ ಅಂದುಕೊಂಡೆ.

ಬೆಳಿಗ್ಗೆ ಎದ್ದರೆ ಅಕ್ಕ ತಲೆಗೆ ಸ್ನಾನ ಮಾಡಿ, ಹಬ್ಬದ ಸೀರೆ ಉಟ್ಟು, ತಟ್ಟೆಯಲ್ಲಿ ವೀಳ್ಯದೆಲೆ ಜೋಡಿಸುತ್ತಿದ್ದಳು. ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ, ಪಕ್ಕದಲ್ಲಿ ಮಾರ್ಚ್ ತಿಂಗಳ ಒಳ್ಳೆಯ ಬಿಸಿಲಿನಲ್ಲಿ ಒಣಗಿದ ಅಕ್ಕಿ ಹಪ್ಪಳದ ಒಂದು ಕಟ್ಟು. ಅಡಿಕೆ ಯಜಮಾನರ ತೋಟದ್ದೇ, ಗೃಹಪ್ರವೇಶದಲ್ಲಿ ಅವರು ಕೊಟ್ಟದ್ದು. ತಟ್ಟೆ ಎತ್ತಿಕೊಂಡು ಯಜಮಾನರ ಮನೆಯ ಕಡೆ ನಡೆದಳು. ನಾನು ಹಿಂದೆ ಹಿಂದೆ ಓಡಿದೆ.

ಯಜಮಾನರು ಬಾಗಿಲಲ್ಲೇ ಸಿಕ್ಕರು. ತಟ್ಟೆ ನೋಡಿ ಅವರ ಮುಖ ಸ್ವಲ್ಪ ಬಿಳಿಚಿತು. ತಾಂಬೂಲ ಕೊಟ್ಟು ಬಲ್ಲವರಿಗೆ ತಾಂಬೂಲದ ತೂಕ ಗೊತ್ತಿರುತ್ತದೆ.

"ಯಜಮಾನ್ರೇ, ನೀವು ಮನೆ ಕಟ್ಟೋ ಮುಂಚೆ ನನ್ನ ಕೇಳಿದ್ರಿ. ಈಗ ನಾನು ಕೇಳೋಕೆ ಬಂದಿದೀನಿ," ಎಂದಳು ಅಕ್ಕ, ತಟ್ಟೆ ಮುಂದೆ ಹಿಡಿದು. "ನಿಮ್ಮ ಮೇಲಿನ ತಾರಸಿಯಲ್ಲಿ ಹಪ್ಪಳ ಹರವ್ಕೋತೀನಿ. ಮಳೆ ಹಿಡಿಯೋ ತನಕ. ಪ್ರತಿ ವರ್ಷ. ನಿಮಗೇನಾದ್ರೂ ಅಡ್ಡ ಆಗುತ್ತಾ, ನೋಡಿ ಹೇಳಿ."

ಅವರದೇ ಮಾತು, ಅವರದೇ ಅಡಿಕೆ. ನನಗೆ ಅಕ್ಕನ ಕಾಲಿಗೆ ಬೀಳಬೇಕೆನಿಸಿತು. ಯಜಮಾನರು ಒಳಗೆ ತಿರುಗಿ ನೋಡಿದರು. ಇಬ್ಬರು ಸೊಸೆಯರೂ ಬಾಗಿಲ ಸಂದಿಯಲ್ಲಿದ್ದರು. ಮೇಲಿನ ತಾರಸಿಗೆ ಹೊಳೆಯುವ ಟೈಲ್ಸ್ ಹಾಕಿಸಿ, ಸಂಜೆ ಕೂರಲು ಜೋಕಾಲಿ ತೂಗುಹಾಕಿದ್ದು ಅವರಿಗಾಗಿ. ಮುಂದೆ ಹಿಡಿದ ತಾಂಬೂಲವನ್ನು ಬೇಡ ಎನ್ನುವ ಹಾಗಿಲ್ಲ. ಅಕ್ಕ ಅಂದು ಎನ್ನಲಿಲ್ಲ, ಯಜಮಾನರು ಇಂದು ಹೇಗೆ ಎಂದಾರು?

"ಅಯ್ಯೋ ತಾಯಿ, ಇದಕ್ಕೆಲ್ಲ ತಾಂಬೂಲ ಯಾಕೆ? ನಿಮ್ದೇ ಮನೆ ಅಂದ್ಕೊಳ್ಳಿ," ಎಂದು ಎರಡೂ ಕೈಯಲ್ಲಿ ತೆಗೆದುಕೊಂಡರು. ಆಮೇಲೆ ತಗ್ಗಿದ ದನಿಯಲ್ಲಿ, "ನೆರಳು ನಮ್ ಕಡೇಗೇ ಅಂದಿದ್ರಲ್ಲ ಇಂಜಿನಿಯರು... ನಾನೂ ದಿನಾ ಕಿಟಕೀಲಿ ನೋಡ್ತಿದ್ದೆ, ನೀವು ಚಾಪೆ ಎಳ್ಯೋದು. ಹೆಂಗ್ ಹೇಳ್ಲಿ ಅಂತ ಗೊತ್ತಾಗ್ಲಿಲ್ಲ," ಎಂದರು. ಆ ಮನುಷ್ಯನ ಮೇಲಿದ್ದ ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ನನಗೆ ಅದು ಇಷ್ಟವಾಗಲಿಲ್ಲ, ಸಿಟ್ಟನ್ನು ಬಹಳ ಜೋಪಾನವಾಗಿ ಇಟ್ಟುಕೊಂಡಿದ್ದೆ.

ಆ ಭಾನುವಾರ ಶಿವಮೊಗ್ಗದಿಂದ ಇವರು ಬಂದರು. ಬಂದವರಿಗೆ ಕಾಫಿ ಕೊಡುವ ಮೊದಲೇ ಕೈಗೆ ಹಪ್ಪಳದ ತಟ್ಟೆಗಳನ್ನು ಕೊಟ್ಟೆ. ಯಜಮಾನರ ಮೆಟ್ಟಿಲು ಮನೆಯ ಒಳಗಡೆ, ಅದೂ ವಾಸ್ತು. ಹೊರಗೆ ಚಪ್ಪಲಿ ಬಿಟ್ಟು, ಬೆಲ್ ಒತ್ತಿ, ಸೊಸೆ ಬಾಗಿಲು ತೆರೆಯುವವರೆಗೆ ಕಾದು, ಅವರು ಟಿವಿ ನೋಡುವ ಹಾಲನ್ನು ದಾಟಿ ಹತ್ತಬೇಕು. ಮಂಡಿ ನೋವಿನ ಅಕ್ಕ ಒಂದೊಂದು ಮೆಟ್ಟಿಲಿಗೂ ಗೋಡೆ ಹಿಡಿಯುತ್ತಾಳೆ. ಇವರು ಮೂರು ನಾಲ್ಕು ಸಲ ಹತ್ತಿ ಇಳಿದರು. ಕೊನೆಗೆ ಮೇಲೆ ನಿಂತು ಬೆವರು ಒರೆಸಿಕೊಳ್ಳುತ್ತಾ ಸೂರ್ಯನ ಕಡೆ ಕಣ್ಣು ಕಿರಿದು ಮಾಡಿ ನೋಡಿದರು.

"ಉತ್ತರದಲ್ಲೇ ಇದ್ದಾನೆ ಅಲ್ವಾ," ಎಂದೆ.

"ಮೇ ತಿಂಗಳಲ್ಲಿ ಇರ್ತಾನೆ ಕಣೆ. ಇದೇನು ಹೊಸ ವಿಷಯನಾ? ಉಷ್ಣವಲಯ ಅಲ್ವಾ?" ಎಂದರು ನಮ್ಮ ಮನೆಯವರು. ನನ್ನ ಕೈಯಲ್ಲಿದ್ದ ತಟ್ಟೆ ಖಾಲಿಯಾಗಿದ್ದದ್ದು ಅವರ ಪುಣ್ಯ.

ಆ ತಾರಸಿಯಲ್ಲಿ ಬಿಸಿಲಿಗೇನೂ ಕೊರತೆಯಿಲ್ಲ. ಬೀದಿಯಲ್ಲೇ ಎತ್ತರದ ಜಾಗ, ಕಾಗೆ ಕಡಿಮೆ, ಹೊಳೆಯುವ ಟೈಲ್ಸಿನ ಕಾವಿಗೆ ಹಪ್ಪಳ ಮಧ್ಯಾಹ್ನದೊಳಗೆ ಗಲಗಲ ಎನ್ನುತ್ತದೆ. ಉಳಿದ ಆರ್ಡರುಗಳೆಲ್ಲ ಸರಿಯಾಗಿ ಮುಗಿದವು. ಸೊಸೆಯರು ಜೋಕಾಲಿಯನ್ನು ತಾವೇ ಬಿಚ್ಚಿ ಪಕ್ಕಕ್ಕಿಟ್ಟರು, ಒಬ್ಬಳು ಸಂಡಿಗೆ ಒತ್ತುವುದನ್ನೂ ಕಲಿತಳು. ಎಲ್ಲರೂ ನಮ್ಮ ಅಕ್ಕ ಗೆದ್ದಳು ಎಂದರು. ಮಳೆ ಹಿಡಿಯುವ ಮುಂಚಿನ ಒಂದು ಬೆಳಿಗ್ಗೆ, ಕೊನೆಯ ಹಪ್ಪಳ ಹರವಿ ಮುಗಿಸಿ, ಅಕ್ಕ ಮೋಟುಗೋಡೆಗೆ ಒರಗಿ ಕೆಳಗೆ ತನ್ನ ತಾರಸಿ ನೋಡುತ್ತಾ ನಿಂತಳು. ಅದು ಈ ಗೋಡೆಯ ನೆರಳಿನಲ್ಲಿ ಮುಳುಗಿತ್ತು. ಒಗೆದು ಹಾಕಿದ ಭಾವನ ಪಂಚೆ ಮಾತ್ರ ತಂತಿಯ ಮೇಲಿತ್ತು.

"ಇನ್ನೂ ಒಂದು ತಟ್ಟೆ ಬಾಳಕ ಕೆಳಗೇ ಉಳೀತು," ಎಂದಳು. ಇಬ್ಬರೂ ಇಳಿದೆವು, ಮನೆಗೆ ಹೋಗಿ ತಟ್ಟೆ ತಂದೆವು. ಅಷ್ಟರಲ್ಲಿ ಯಜಮಾನರ ಬಾಗಿಲು ಮತ್ತೆ ಹಾಕಿತ್ತು. ಅಕ್ಕ ಚಪ್ಪಲಿ ಬಿಟ್ಟಳು. ಬೆಲ್ಲಿನ ಮೇಲೆ ಬೆರಳಿಟ್ಟು, ಒತ್ತದೆ ಸ್ವಲ್ಪ ಹೊತ್ತು ಹಾಗೇ ನಿಂತಳು.

"ಬಿಸಿಲು ಅದೇ ಕಣೇ," ಎಂದಳು. "ಮುಂಚೆ ಕೇಳ್ದೇನೇ ಬರ್ತಿತ್ತು."

ಆಮೇಲೆ ಬೆಲ್ ಒತ್ತಿ, ಸೆರಗು ಸರಿಮಾಡಿಕೊಂಡು ಕಾದಳು.